ಎರಡನೆಯ ದಿಂಬು

ಹುಲಿಗೆವ್ವ ಬೆರಳನ್ನು ಒಂದು ಸಲ ಹೆಚ್ಚಿಗೆ ಸರಿಸಿದ್ದರಿಂದ ಇಷ್ಟೆಲ್ಲ ಆಯಿತು.

ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದ ಫಕೀರೇಶ ಅವಳ ಕೈಗೆ ಮೊಬೈಲ್ ಕೊಟ್ಟದ್ದು ಗೋದಾಮಿನಲ್ಲಿದ್ದ ಇಳಕಲ್ ಸೀರೆಗಳ ಫೋಟೋ ನೋಡಲಿ ಎಂದು. ಹಸಿರು, ಅರಿಸಿನ, ದಾಳಿಂಬೆ ಬಣ್ಣ. ಅಲ್ಲಿಗೆ ಸೀರೆಗಳು ಮುಗಿದವು, ಹುಲಿಗೆವ್ವನ ಬೆರಳು ನಿಲ್ಲಲಿಲ್ಲ. ಮುಂದಿನ ಫೋಟೋದಲ್ಲಿ ನೀಲಿ ನೀರು, ಉದ್ದಕ್ಕೂ ಬಿಳಿ ಮರಳು.

"ಅಂಚು ಛಲೋ ಐತಿ, ಒಡಲು ಭಾಳ ಗಾಢ ಆತು. ಇದ್ಯಾವ ಸೀರಿ ತಮ್ಮಾ?"

"ಸೀರಿ ಅಲ್ರಿ ಅಕ್ಕಾರ, ಸಮುದ್ರ. ಕೊಡ್ರಿಲ್ಲೆ ಫೋನು."

ಮಗಳ ಮದುವೆಯ ಜವಳಿಗೆಂದು ಶಿರಗುಪ್ಪಿಯಿಂದ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದ ಹುಲಿಗೆವ್ವ, ಕೈಗೆ ಸಿಕ್ಕದ್ದನ್ನು ಸೆರಗಿನ ತನಕ ಬಿಚ್ಚಿ ನೋಡದೆ ಬಿಡುವವಳಲ್ಲ. ಮತ್ತೆ ಸರಿಸಿದಳು. ತೆಂಗಿನ ಮರ, ಈಜುವ ಹೊಂಡ, ಬಿದಿರಿನ ಮನೆ, ಒಳಗೊಂದು ಮಂಚ.

ಫಕೀರೇಶ ಮೀಸೆ ಮೂಡುವ ಮೊದಲೇ ಮುರುಗೆಪ್ಪನ ಜವಳಿ ಅಂಗಡಿಗೆ ಸೇರಿದವನು. ಒಂದು ಸೀರೆಗೆ ಎಂಟು ಬಾಯಿ ಬರುತ್ತವೆ, ಎಂಟಕ್ಕೂ ಉತ್ತರ ಕೊಡಬೇಕು. ಬಣ್ಣ ಹೋಗುವುದಿಲ್ಲ ಎಂದು ದಿನವಿಡೀ ಆಣೆ ಮಾಡಿ ಹುಬ್ಬಳ್ಳಿಯ ಕೇಶ್ವಾಪುರದ ಮನೆಗೆ ಹೋದರೆ, ಬಚ್ಚಲಿನ ಬಾಗಿಲಿನ ಹೊರಗೆ ನಿಂತು ಅವನ ಅವ್ವ ಸಂಗವ್ವ ಅಂದಿನ ಸುದ್ದಿ ಹೇಳುತ್ತಿದ್ದಳು. ಮಾತು ಅವನ ಮೈಗೆ ಸೀರೆಯ ಗಂಜಿಯ ಹಾಗೆ ಹತ್ತಿಕೊಂಡುಬಿಟ್ಟಿತ್ತು. ಆತನಿಗೆ ಬೇಕಾದದ್ದು ಒಂದೇ: ಯಾರೂ ಏನೂ ಕೇಳದ, ತಾನು ಯಾರಿಗೂ ಏನೂ ಹೇಳಬೇಕಾಗಿರದ ನಾಲ್ಕು ದಿನ. ಅದಕ್ಕಾಗಿ ಅಂಡಮಾನಿನ ಟಿಕೀಟು ತೆಗೆದಿದ್ದ. "ಊರಿಗೆ ಹೋಗಿ ಬರ್ತೇನ್ರಿ" ಎಂದು ಸಾವ್ಕಾರ ಮುರುಗೆಪ್ಪನಿಂದ ರಜೆಯನ್ನೂ ಪಡೆದಿದ್ದ. ಯಾವ ಊರು ಎಂದು ಸಾವ್ಕಾರ ಕೇಳಿರಲಿಲ್ಲ, ಇವನು ಹೇಳಿರಲಿಲ್ಲ.

ಉಳಿದದ್ದು ರಿಸಾರ್ಟು. ಎರಡು ಆರಿಸಿಟ್ಟುಕೊಂಡಿದ್ದ. ಒಂದರಲ್ಲಿ ನೆರಳು ಜಾಸ್ತಿ, ಇನ್ನೊಂದರಲ್ಲಿ ನೀರು ಹತ್ತಿರ. ಇದೋ ಅದೋ ಎಂದು ತಿಂಗಳುಗಟ್ಟಲೆ ನೋಡಿದ. ಹೀಗೆ ಮಾಡುವ ಗಿರಾಕಿಗಳನ್ನು ಬೆನ್ನ ಹಿಂದೆ ಬಾಯಿಗೆ ಬಂದಂತೆ ಬಯ್ದವನು ಅವನೇ. ಇಂದು ಸಂಜೆಯೊಳಗೆ ಒಂದನ್ನು ಹಿಡಿಯದಿದ್ದರೆ ಎರಡೂ ತುಂಬಿಹೋಗುತ್ತಿದ್ದವು.

"ಇಲ್ಲಿಗೆ ಯಾರ ಕೂಡ ಹೊಂಟಿ?" ಎಂದಳು ಹುಲಿಗೆವ್ವ.

"ಒಬ್ಬನ."

ಗಾದಿಯ ಮೇಲೆ ಕುಳಿತಿದ್ದ ಅಷ್ಟೂ ಹೆಂಗಸರು ಸೀರೆ ಬಿಟ್ಟು ಅವನನ್ನು ನೋಡಿದರು. ಅವರ ಮನೆತನದಲ್ಲಿ ಹಲ್ಲು ಕೀಳಿಸಲಿಕ್ಕೂ ಒಬ್ಬರೇ ಹೋದದ್ದಿರಲಿಲ್ಲ.

"ಒಬ್ಬನ? ಯಾಕ, ಹೆಂಡ್ತಿ ಕೂಡ ಜಗಳೇನು?"

"ಜಗಳಾಡಾಕ ಲಗ್ನ ಆಗಿಲ್ರಿ."

"ಹಂಗಾರ ಸನ್ಯಾಸಿ ಆಗಾಕ ಹೊಂಟೀಯೇನು?"

"ಸನ್ಯಾಸಿ ಈಜೂ ಹೊಂಡ ನೋಡ್ಕೊಂಡು ರೂಮ್ ಹಿಡಿತಾನೇನ್ರಿ?"

ಹುಲಿಗೆವ್ವ ಫೋಟೋವನ್ನು ಕಣ್ಣಿಗೆ ಹತ್ತಿರ ತಂದಳು. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರ ಸುಳ್ಳು ಹಿಡಿದವಳ ಹಾಗೆ ಅವಳ ಮುಖ ಅರಳಿತು. "ಮತ್ತ ಮಂಚದ ಮ್ಯಾಲೆ ತೆಲಿದಿಂಬು ಎರಡು ಅದಾವಲ್ಲೋ!"

"ಅದು ಇಬ್ಬರ ರೂಮು ರಿ. ಎಲ್ಲಾ ಕಡೆ ಹಂಗ ಇರ್ತಾವ."

ಬಿಲ್ಲಿನ ಕೌಂಟರಿನಲ್ಲಿದ್ದ ಹುಸ್ನಾ ಎದ್ದು ಬಂದು ಫೋಟೋದ ಕೆಳಗಿನ ಇಂಗ್ಲಿಷನ್ನು ಓದಿದಳು. ಅವಳ ಉದ್ದೇಶ ಒಳ್ಳೆಯದೇ ಇತ್ತು. "ಇಬ್ಬರಿಗೆ ಮುಂಜಾನಿ ನಾಷ್ಟಾ ಪುಕ್ಕಟ ಅಂತ ಬರದಾರ್ರಿ."



"ಅಂದ್ರ, ದಿನಾ ಒಬ್ಬರ ನಾಷ್ಟಾ ಸುಮ್ನ ಹಾಳಾಗೂದು?" ಎಂದಳು ಹುಲಿಗೆವ್ವ. ಅನ್ನ ಚೆಲ್ಲುವವರ ಬಗ್ಗೆ ಮಾತಾಡುವ ದನಿಯದು. "ಯಪ್ಪಾ, ನಿನಗ ಬುದ್ಧಿ ಬ್ಯಾಡೇನು? ನಮ್ಮ ಹುಚ್ಚಪ್ಪನ್ನ ಕರ್ಕೊಂಡು ಹೋಗು."

ಹುಚ್ಚಪ್ಪ ಅವಳ ಮೈದುನ. ಚಪ್ಪಲಿ ಕಾಯುತ್ತ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ. ಹೆಸರು ಕೇಳಿ ಒಳಗೆ ಇಣುಕಿದ.

"ಅಂವ ತ್ರಾಸ ಕೊಡಾಂವಲ್ಲ. ಉಣ್ತಾನ, ಮಕ್ಕೊಳ್ತಾನ. ಗೊರಕಿ ಒಂದೀಟು ಜೋರು."

"ನನಗ ಯಾರೂ ಬ್ಯಾಡ್ರಿ ಅಕ್ಕಾರ."

ಅಷ್ಟರಲ್ಲಿ ಹಣದ ಗಲ್ಲೆಯ ಕಡೆಯಿಂದ ಮುರುಗೆಪ್ಪನ ದನಿ ಬಂತು. "ಏ ಫಕೀರೇಶ, ಊರಿಗೆ ಅಂದಿದ್ದೀಯಲ್ಲೋ. ಸಮುದ್ರದಾಗ ನಿಮ್ಮೂರು ಯಾವಾಗಿಂದ ಬಂತು?"

ಫಕೀರೇಶ ಕೈಯಲ್ಲಿದ್ದ ಸೀರೆಯನ್ನು ಮಡಚತೊಡಗಿದ. ಮಡಚುವಾಗ ಉತ್ತರ ಕೊಡಬೇಕಾಗಿಲ್ಲ ಎಂಬುದು ಅವನ ಅನುಭವ. ಆದರೆ ಸಾವ್ಕಾರನಿಗೆ ಸುಳ್ಳಿಗಿಂತ ಖಾಲಿ ದಿಂಬು ದೊಡ್ಡದಾಗಿ ಕಂಡಿತು.

"ಆತು, ಹೋಗು. ನಮ್ಮಕ್ಕನ ಮಗ ಕಪಿಲನ್ನ ಜೋಡಿ ಒಯ್ಯಿ. ಮನ್ಯಾಗ ಕುಂತು ರೀಲ್ ಮಾಡ್ತಾನ. ಅಲ್ಲೆರ ಮಾಡ್ಲಿ, ಹಿಂದ ಸಮುದ್ರನಾರ ಕಾಣ್ತೈತಿ."

"ಅದೆಂಗ್ರಿ ಸಾವ್ಕಾರ್ರ?" ಹುಲಿಗೆವ್ವ ಸೆರಗು ಬಿಗಿದಳು. "ದಿಂಬು ನೋಡಿದಾಕಿ ನಾನು. ಮೊದಲು ನಮ್ಮ ಹುಚ್ಚಪ್ಪನ್ನ ಹೇಳಿದಾಕಿ ನಾನು."

"ರಜಾ ಕೊಟ್ಟಾಂವ ನಾನವಾ!"

"ಹಂಗಾರ ನಿಮ್ಮ ಸೀರಿ ನಿಮ್ಮ ಹತ್ರನ ಇರ್ಲಿ. ಏಳ್ರೆ, ಬ್ಯಾರೆ ಅಂಗಡಿಗೆ ಹೋಗೂಣು."

ಹೆಂಗಸರು ಏಳಲಿಲ್ಲ. ಆದರೆ ಏಳುವವರ ಹಾಗೆ ಮೊಣಕಾಲಿನ ಮೇಲೆ ಕೈ ಇಟ್ಟರು. ಇಡೀ ಮದುವೆಯ ಜವಳಿ ಮೆಟ್ಟಿಲಿಳಿಯುವುದನ್ನು ಮುರುಗೆಪ್ಪನಿಗೆ ಕಣ್ಣಾರೆ ಕಂಡಂತಾಯಿತು. ಫಕೀರೇಶನನ್ನು ಕಂಬದ ಮರೆಗೆ ಎಳೆದು ಪಿಸುಗುಟ್ಟಿದ: "ಲೇ, ಆ ಹುಚ್ಚಪ್ಪನ್ನ ಕರ್ಕೊಂಡು ಹೋಗೋ ಮಾರಾಯ. ಗಿರಾಕಿ ಹೋದ್ರ ನಿನ್ನ ರಜಾನೂ ಹೋತು, ತಿಳೀತಾ?"

"ಸಾವ್ಕಾರ್ರ, ನಾನು ಹೊಂಟದ್ದ ಒಬ್ಬನ ಇರಾಕ ರಿ."

"ಒಬ್ಬನ ಇರೂದಕ್ಕ ಅಷ್ಟು ದೂರ ಯಾಕ ಹೋಗಬೇಕಲೇ? ಗೋದಾಮಿನ ಕೀಲಿ ಕೊಡ್ತೇನಿ, ಹೋಗಿ ಕುಂಡ್ರು."

ಹೊರಗೆ ಹುಚ್ಚಪ್ಪ ಚಪ್ಪಲಿಗಳನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ. ಬಣ್ಣದ ಚಡ್ಡಿ ಹಾಕಿಕೊಳ್ಳಬೇಕೋ ಧೋತರ ನಡೆಯುತ್ತದೆಯೋ ಎಂದು ಯಾರನ್ನೋ ಕೇಳುತ್ತಿದ್ದ. ಮುರುಗೆಪ್ಪ ಫೋನ್ ಮಾಡಿ ಸುದ್ದಿ ಹೇಳಿದ್ದ ಕಪಿಲ ಆಗಲೇ ಕರಿ ಕನ್ನಡಕದ ನಾಲ್ಕು ಫೋಟೋ ಕಳಿಸಿ ಯಾವುದು ಒಪ್ಪುತ್ತದೆಂದು ವಿಚಾರಿಸಿದ್ದ. ಗಾದಿಯ ಮೇಲಿನ ಹೆಂಗಸರು ಎರಡೂ ರಿಸಾರ್ಟುಗಳ ಫೋಟೋ ಅಳೆದು ತೂಗಿ, ನೆರಳಿನದು ಮುದುಕರಿಗೆ ಸರಿ, ನೀರಿನದರಲ್ಲಿ ಹುಚ್ಚಪ್ಪ ಮುಳುಗಿಯಾನು ಎಂಬ ತೀರ್ಮಾನಕ್ಕೆ ಬಂದಿದ್ದರು.

ಹುಸ್ನಾಗೆ ತನ್ನ ಓದಿನಿಂದಾದ ಅನಾಹುತ ಚುಚ್ಚುತ್ತಿತ್ತು. ಕೌಂಟರಿನಲ್ಲಿ ಕುಳಿತು ತನ್ನ ಫೋನಿನಲ್ಲಿ ಹುಡುಕುತ್ತಿದ್ದವಳು, ಮಧ್ಯಾಹ್ನದ ಚಹಾ ಬರುವ ಹೊತ್ತಿಗೆ ಕೂಗಿದಳು.

"ಫಕೀರೇಶಣ್ಣಾ, ಸಿಕ್ತು! ಒಬ್ಬರ ಗುಡಿಸಲಾ!"

ಎಲ್ಲರೂ ಮುತ್ತಿದರು. ಅಂಡಮಾನಿನದೇ, ಹೆಸರೇ ಕೇಳದ ಒಂದು ಸಣ್ಣ ನಡುಗಡ್ಡೆ. ದಂಡೆಯ ತುದಿಯಲ್ಲಿ ಒಂಟಿ ಗುಡಿಸಲು. ಒಳಗೆ ಕಿರಿದಾದ ಮಂಚ, ಅದರ ಮೇಲೆ ಒಂದೇ ದಿಂಬು. ಒಂದು ಕುರ್ಚಿ, ಒಂದು ತಾಟು. ಫೋನಿನ ಸಿಗ್ನಲ್ ಇಲ್ಲ ಎಂದು ಹೆಮ್ಮೆಯಿಂದ ಬರೆದಿದ್ದರು.

ಹುಲಿಗೆವ್ವ ಮೂಲೆಮೂಲೆ ನೋಡಿದಳು. ಎರಡನೆಯದು ಎಂಬಂಥದ್ದು ಎಲ್ಲಿಯೂ ಇರಲಿಲ್ಲ. "ನಾಷ್ಟಾ?"

"ಒಬ್ಬರಿಗೇ ರಿ."

"ಹಂಗಾರ ಏನೂ ಹಾಳಾಗಂಗಿಲ್ಲ ಬಿಡು," ಎಂದು ಅವಳು ಉಸಿರು ಬಿಟ್ಟಳು. "ಹುಚ್ಚಪ್ಪಾ, ಚಪ್ಪಲ್ ನೋಡ್ಹೋಗು. ತಮ್ಮಾ, ಆ ದಾಳಿಂಬ್ರಿದು ತೆಗಿ."

ಫಕೀರೇಶ ಅಲ್ಲಿಯೇ ನಿಂತು ಗುಡಿಸಲು ಹಿಡಿದುಬಿಟ್ಟ. ಹಣ ವಾಪಸ್ ಬರುವುದಿಲ್ಲ ಎಂಬ ಸಾಲನ್ನು ಓದಿದಾಗ ಅವನಿಗೆ ಧೈರ್ಯವೇ ಬಂತು. ಇನ್ನು ಯಾರೂ ಏನೂ ಬದಲಿಸಲಾರರು. ಆ ದಿನದ ಉಳಿದ ಹೊತ್ತು ಅವನು ಎಂದೂ ತೋರಿಸದ ಹುರುಪಿನಿಂದ ಸೀರೆ ತೋರಿಸಿದ. ಜವಳಿ ಎಲ್ಲ ಕಟ್ಟಿಸಿಕೊಂಡು ಹೋಗುವಾಗ ಹುಲಿಗೆವ್ವ ಅವನ ಗದ್ದ ಮುಟ್ಟಿ, "ಆರಾಮ ಹೋಗಿ ಬಾ ಯಪ್ಪಾ," ಎಂದಳು. ಮುರುಗೆಪ್ಪ ರಜೆಯನ್ನು ಮತ್ತೊಮ್ಮೆ ಕೊಟ್ಟ, ಮೊದಲ ಸಲ ಕೊಟ್ಟೇ ಇರಲಿಲ್ಲವೆಂಬಂತೆ.

ಅಂಗಡಿಯ ಶಟರು ಇಳಿಸುವಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಹಿಂದೆ ಗಾಳಿಯೋ ಅಲೆಯೋ ಭೋರ್ಗರೆಯುತ್ತಿತ್ತು. ರಿಸಾರ್ಟಿನ ಮ್ಯಾನೇಜರ್ ಎಂದು ಹಿಂದಿಯಲ್ಲಿ ಪರಿಚಯ ಹೇಳಿದವನು ಎರಡನೆಯ ಮಾತಿಗೇ ಹಿಂದಿ ಬಿಟ್ಟ.

"ವಿಳಾಸ ನೋಡಿದೆ ರಿ, ಹುಬ್ಬಳ್ಳಿ ಅಂತ ಐತಿ. ಖರೇನ ಹುಬ್ಬಳ್ಳಿಯವ್ರೇನ್ರಿ?"

"ಹೌದ್ರಿ," ಎಂದ ಫಕೀರೇಶ. ಅಷ್ಟು ಅಂದದ್ದೇ ಸಾಕಾಯಿತು.

"ಯವ್ವಾ, ಕೇಳಿಸ್ತೇನು? ಹೌದ್ರಿ ಅಂದ್ರು!" ಆ ಕಡೆ ಯಾರೋ ಮುದುಕಿ ಅತ್ತಂತೆ ಕೇಳಿಸಿತು. "ನಾನು ಹುಬ್ಬಳ್ಳಿ ಗಬ್ಬೂರಾಂವ ರಿ, ದುರ್ಗೇಶ ಅಂತ. ನಮ್ಮವ್ವ ಮುತ್ತವ್ವ ನನ್ನ ಹತ್ರನ ಇರ್ತಾಳ. ನಮ್ಮ ಮಾತು ಕೇಳಿ ಎಷ್ಟ್ ವರ್ಷ ಆತ್ರಿ! ಇಬ್ಬರೂ ಮಾತಾಡಿ ಮಾತಾಡಿ ಹೇಳಿದ್ದನ್ನ ಹೇಳಾಕತ್ತೇವಿ. ನಡುಗಡ್ಡ್ಯಾಗ ಸಿಗ್ನಲ್ ಇಲ್ಲಂತ ನಿಮಗ ಫೋನ್ ಮಾಡಾಕ ದೋಣಿ ಹತ್ತಿ ಬಂದೇವಿ. ಅವ್ವನೂ ಬಂದಾಳ, ಕೇಳ್ತೇನಿ ಅಂತ."

"ನನ್ನ ಗುಡಿಸಲಾ..."

"ಏ, ಅದನ್ನ ಒಬ್ಬ ಜರ್ಮನಿಯಾಂವಗ ಕೊಟ್ಟೇನ್ರಿ. ಭಾಳ ಮೂಕ ಮನಷ್ಯಾ. ನಮ್ಮೂರಾವ್ರನ್ನ ಅಲ್ಲಿ ಒಗದು ನಾನು ಉಣ್ಣಲ್ಯಾ? ನಮ್ಮ ಮನ್ಯಾಗನ ಇರ್ತೀರಿ ನೀವು. ನಾನೂ ನಾಲ್ಕು ದಿನ ಡ್ಯೂಟಿ ಬಿಟ್ಟೇನಿ, ಒಂದ್ ಗಳಿಗಿ ನಿಮ್ಮನ್ನ ಅಗಲಂಗಿಲ್ಲ. ಅವ್ವಗ ನಮ್ಮೂರಿನ ಓಣಿ ಓಣಿ ಸುದ್ದಿ ಕೇಳೂದೈತಿ."

ಫಕೀರೇಶ ಶಟರಿನ ಮೇಲೆ ಕೈಯಿಟ್ಟು ನಿಂತ. ಅರ್ಧ ಇಳಿದ ಶಟರು ಅರ್ಧಕ್ಕೇ ನಿಂತಿತ್ತು.

"ನಿಮಗ ಏನಾರ ತರಬೇಕೇನ್ರಿ ಇಲ್ಲಿಂದ?" ಎಂದು ಕೇಳಿದ. ಗಿರಾಕಿಯ ಎದುರು ಹೀಗೆ ಕೇಳಿ ಕೇಳಿ ಬಾಯಿಗೆ ರೂಢಿಯಾಗಿತ್ತು.

"ಏನೂ ಬ್ಯಾಡ್ರಿ, ಎಲ್ಲಾ ಐತಿ ಇಲ್ಲೆ," ಎಂದ ದುರ್ಗೇಶ. "ಬರೇ ಮಾತಾಡ್ಕೋತ ಬಂದುಬಿಡ್ರಿ."