ಗೋಡೆ ಏರಿದ ಫಕ್ಕೀರವ್ವ

ಮನುಷ್ಯನ ಮನಸ್ಸಿನ ಬಗ್ಗೆ ಓದಿದವರನ್ನು ಕಂಡರೆ ನಾನು ಬಾಯಿ ತೆರೆದು ನಿಂತುಬಿಡುತ್ತೇನೆ. ಸವಣೂರಿನಲ್ಲಿ ಶೇವು-ಖಾರದ ಅಂಗಡಿ ಇಟ್ಟವನಿಗೆ ಮನಶ್ಶಾಸ್ತ್ರ ಯಾಕೆ ಎಂದು ಹೆಂಡತಿ ಕೇಳುತ್ತಾಳೆ. ಖಾರ ಕರಿಯುವವಳು ನಮ್ಮ ಅಂಗಡಿಯ ಕೆಲಸದ ಫಕ್ಕೀರವ್ವ, ನಾನಲ್ಲವಲ್ಲ! ನನ್ನ ಕೆಲಸ ಒಂದೇ: ಬೆಳಿಗ್ಗೆ ಮೊದಲ ಘಾಣ, ಅಂದರೆ ಒಂದು ಬಾಣಲೆಯಷ್ಟು ಖಾರ, ಎಣ್ಣೆಯಿಂದ ಎದ್ದ ಕೂಡಲೇ ರುಚಿ ನೋಡುವುದು. “ಸಾವ್ಕಾರ್ರ, ನಿಮ್ಮ ನಾಲಗಿ ಹೂಂ ಅಂದ ಮ್ಯಾಲ ಮುಂದಿನ ಘಾಣರಿ” ಅನ್ನುತ್ತಾಳೆ. ಆ ಮಾತಿಗಾಗಿ ನಾನು ಮನೆಯ ಚಹಾ ಅರ್ಧಕ್ಕೇ ಬಿಟ್ಟು ಓಡುತ್ತೇನೆ.

ಅವಳನ್ನು ಬಂಕಾಪುರದ ಅಂಗಡಿಯವನೊಬ್ಬ ಕರೆಯುತ್ತಿದ್ದಾನೆ ಎಂಬ ಸುದ್ದಿ ಬಂತು ನೋಡಿ, ನನಗೆ ಊಟವೇ ಸೇರದಾಯಿತು. ಅವಳು ಹೋದರೆ ಅಂಗಡಿಗೆ ಬೀಗವೇ ಗತಿ. ಕೆಲಸಗಾರರಲ್ಲಿ ಹುರುಪು ತುಂಬುವ ತರಬೇತಿ ಶಿಗ್ಗಾಂವಿಯಲ್ಲಿದೆ ಎಂದು ತಿಳಿದು, ಹೋಗಿ ಮೊದಲ ಸಾಲಿನಲ್ಲೇ ಕುಳಿತೆ.

ಎಂಥೆಂಥ ಸಿದ್ಧಾಂತಗಳು! ಒಂದರ ಪ್ರಕಾರ ಮನುಷ್ಯ ಏಣಿ ಹತ್ತುತ್ತಾನೆ. ಮೊದಲು ಹೊಟ್ಟೆ, ಆಮೇಲೆ ಭದ್ರತೆ, ನೆಂಟರಿಷ್ಟರು, ಮರ್ಯಾದೆ. ಇನ್ನೊಂದರ ಪ್ರಕಾರ ಪಗಾರ, ಫ್ಯಾನು, ಚಹಾ ಇವೆಲ್ಲ ಗೊಣಗಾಟವನ್ನು ನಿಲ್ಲಿಸುತ್ತವೆ ಅಷ್ಟೇ, ಹುರುಪು ಹುಟ್ಟುವುದು ಮೆಚ್ಚುಗೆಯಿಂದ. ಮತ್ತೊಂದು, ಮನುಷ್ಯ ಪಕ್ಕದವನಿಗೆ ಸಿಕ್ಕಿದ್ದನ್ನು ನೋಡಿ ತನ್ನ ಸುಖ ಅಳೆಯುತ್ತಾನೆ ಅನ್ನುತ್ತದೆ. ಭಾವಮೈದುನನ ಹೊಸ ಕಾರು ನೆನಪಾಗಿ ಮೈ ಜುಮ್ಮೆಂದಿತು. ನಮ್ಮ ಮನೆಯ ಸಂಗತಿ ಇವರಿಗೆ ಹೇಗೆ ಗೊತ್ತಾಯಿತಪ್ಪಾ!

ಕೊನೆಗೆ ಮೆಚ್ಚುಗೆಯನ್ನೇ ಆರಿಸಿಕೊಂಡೆ. ಫಕ್ಕೀರವ್ವನ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅಂಗಡಿಯ ಬಾಗಿಲಿಗೆ ಎದುರಾಗಿ ತೂಗುಹಾಕಿದೆ. ಬರೀ ಫೋಟೋ ಬೋಳುಬೋಳಾಗಿ ಕಂಡಿತು. ಹೂವಿನದಾದರೆ ಬಾಡುತ್ತದೆಂದು ಗಂಧದ ಚಕ್ಕೆಯ ಹಾರ ತಂದು ಹಾಕಿದೆ. ಗೌರವಕ್ಕೆ ಕಡಿಮೆಯಾಗಬಾರದೆಂದು ಎರಡು ಊದಿನಕಡ್ಡಿಯನ್ನೂ ಹಚ್ಚಿದೆ.

ಅದೇ ಹೊತ್ತಿಗೆ ಅವಳ ತಂಗಿ ತಿಳವಳ್ಳಿಯಿಂದ ಬಸ್ಸಿಳಿದು ಬಂದವಳು ಬಾಗಿಲಲ್ಲೇ ಫೋಟೋ ನೋಡಿ, “ನಮ್ಮಕ್ಕಾ! ನನಗೊಂದು ಮಾತು ಹೇಳದ ಹೋದ್ಯಲ್ಲವ್ವಾ!” ಎಂದು ಎದೆ ಬಡಿದುಕೊಂಡು ಕುಸಿದಳು. ಒಳಗಿನಿಂದ ಫಕ್ಕೀರವ್ವ ಖಾರ ಎತ್ತುವ ಜಾರಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅವಳನ್ನು ನೋಡಿ ತಂಗಿ ಇನ್ನೂ ಜೋರಾಗಿ ಕಿರುಚಿದಳು. ಫಕ್ಕೀರವ್ವ ಒಮ್ಮೆ ಗೋಡೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ತಂಗಿಯ ಕೈ ಹಿಡಿದುಕೊಂಡು ಮನೆಗೆ ಹೋದಳು.

ಮರುದಿನ ಬರಲಿಲ್ಲ. ಒಲೆ ತಣ್ಣಗಿತ್ತು. ಮೆಚ್ಚುಗೆಯಿಂದಲೇ ಅವಳನ್ನು ಬಂಕಾಪುರಕ್ಕೆ ಅಟ್ಟಿದೆನಲ್ಲಾ ಎಂದುಕೊಂಡು ಅವಳ ಮನೆಗೆ ಓಡಿದೆ.

“ಬರ್ರಿ, ಕುಂಡ್ರಿ,” ಅಂದಳು. “ತಂಗಿ ಬಿಡಲಿಲ್ಲರಿ. ದೃಷ್ಟಿ ತಗದು, ತಲಿಮ್ಯಾಲ ನೀರು ಹಾಕ್ಯಾಳ.”

“ಬಂಕಾಪುರಕ್ಕೆ ಹೋಗ್ತೀಯೇನವ್ವಾ?”

“ಯಾಕ ಹೋಗ್ಲಿರಿ? ನಿಮ್ಮನ್ನ ಹೊತ್ತಿಗೆ ಸರಿಯಾಗಿ ಅಂಗಡಿಗೆ ಬರೂ ಹಂಗ ಮಾಡಾಕ ನನಗ ಸಾಕುಬೇಕಾತು. ಈ ವಯಸ್ಸಿನ್ಯಾಗ ಹೊಸಾ ಮಾಲಕನ್ನ ಮತ್ತ ಮೊದಲಿಂದ ತಿದ್ದಲೇನು?”

“ನನ್ನನ್ನ? ನೀನು?”

“ಮತ್ತೇನ್ರಿ! ಉಪ್ಪು ಖಾರ ಹಿಟ್ಟು ಕಲಸುವಾಗನ ನಾ ನೋಡಿರ್ತೇನಿ. ನಾಲಗಿ ನಾಲಗಿ ಅಂತ ಕರೀಲಿಲ್ಲಂದ್ರ ನೀವು ಹಾಸಿಗಿ ಬಿಟ್ಟು ಏಳ್ತಿದ್ರೇನು?”

ನಾನು ಬಾಯಿ ತೆರೆದು ನಿಂತುಬಿಟ್ಟೆ. ಶಿಗ್ಗಾಂವಿಯ ಅಷ್ಟೂ ಸಿದ್ಧಾಂತಗಳು ಇಷ್ಟು ವರ್ಷ ನನ್ನ ಮೇಲೆಯೇ ನಡೆದಿದ್ದವು! ಇನ್ನು ಮೇಲೆ ರುಚಿ ನೋಡಲು ಹೋಗುವುದಿಲ್ಲ, ನನಗೂ ಮಾನವಿದೆ ಎಂದು ಗಟ್ಟಿ ಮನಸ್ಸು ಮಾಡಿ ಮಲಗಿದೆ. ಬೆಳಿಗ್ಗೆ ಫೋನು ಬಂತು. “ಸಾವ್ಕಾರ್ರ, ಘಾಣ ಎದ್ದೈತಿ. ನಿಮ್ಮ ನಾಲಗಿ ಏನಂತೈತ್ರಿ?”

ಚಹಾ ಅರ್ಧಕ್ಕೇ ಬಿಟ್ಟು ಓಡಿದೆ.