ಆರು ವೈರು ಮತ್ತು ನನ್ನ ಭಾಮೈದ

ನನ್ನ ಭಾಮೈದನಷ್ಟು ಅಪನಂಬಿಕೆಯ ಮನುಷ್ಯ ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಮೊದಲೆಲ್ಲ ಹೀಗೆಂದು ನಾನು ಹೇಳಿದರೆ ಅವನು ಅದನ್ನೂ ನಂಬುತ್ತಿರಲಿಲ್ಲ. "ಜಿಲ್ಲೆ ಪೂರ್ತಿ ಸುತ್ತಿ ನೋಡಿದ್ರಾ ಭಾವ, ಇಲ್ಲ ಯಾರೋ ಹೇಳಿದ್ದು ಕೇಳಿದ್ರಾ?" ಎನ್ನುತ್ತಿದ್ದ.

ನನ್ನ ಹೆಂಡತಿಯ ತಮ್ಮ ಅವನು, ಭದ್ರಾವತಿಯವನು. ಅಲ್ಲಿನ ಒಂದು ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ದುಡಿದ. ಲೈನ್ ಸತ್ತಿದೆ ಎಂದು ಹತ್ತು ಜನ ದೂರು ಕೊಟ್ಟರೆ ಎಂಟು ಜನ ರಿಸೀವರನ್ನು ಸರಿಯಾಗಿ ಇಟ್ಟೇ ಇರುತ್ತಿರಲಿಲ್ಲವಂತೆ. ಇಪ್ಪತ್ತು ವರ್ಷ ಇಂಥ ದೂರುಗಳ ಹಿಂದೆ ಸೈಕಲ್ ತುಳಿದವನು ಮನುಷ್ಯರ ಮಾತು ನಂಬುವುದನ್ನೇ ಬಿಟ್ಟ. ತಪ್ಪೆನ್ನಲಾದೀತೇ?

ಅವನ ಮದುವೆಯಲ್ಲೇ ನೋಡಬೇಕಿತ್ತು. ಪುರೋಹಿತರು "ಮುಹೂರ್ತ ಬಂತು, ತಾಳಿ ತಗೊಳಪ್ಪ" ಎಂದರು. ಇವನು ಕೈಗಡಿಯಾರ ನೋಡಿ "ಇನ್ನೂ ನಾಲ್ಕು ನಿಮಿಷ ಇದೆ" ಎಂದ.

"ಪಂಚಾಂಗ ನಂದು ಮಾರಾಯ," ಎಂದರು ಪುರೋಹಿತರು.

"ಗಡಿಯಾರ ನಂದು," ಎಂದ ಇವನು.

ಓಲಗದವರು ನಾಲ್ಕು ನಿಮಿಷ ಕೆನ್ನೆ ಉಬ್ಬಿಸಿಕೊಂಡೇ ಕಾದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಲಜ್ಜೆ ಎಂದುಕೊಂಡೆವು. ನಗು ತಡೆಯಲಾಗಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು.

ಗಾಂಧಿ ಬಜಾರಿಗೆ ಅವನ ಜೊತೆ ಹೋಗುವುದಂತೂ ದೇವರಿಗೇ ಪ್ರೀತಿ. ಒಮ್ಮೆ ಪರದೆ ಬಟ್ಟೆ ಕೊಳ್ಳಲು ಹೋದಾಗ ಜೇಬಿನಿಂದ ತನ್ನದೇ ಟೇಪು ತೆಗೆದು ಅಂಗಡಿಯವರ ಬಟ್ಟೆ ಅಳೆದ. ಸರಿಯಾಗಿತ್ತು. ಆಮೇಲೆ ಅಂಗಡಿಯವರ ಮೀಟರ್ ಕೋಲನ್ನೂ ಅಳೆದ. ಅದೂ ಸರಿಯಾಗಿತ್ತು. ಅಂಗಡಿಯ ಸಾಹೇಬರು ಗಡ್ಡ ನೀವಿಕೊಳ್ಳುತ್ತ, "ಭಾಯಿ, ಈಗ ನಿಮ್ಮ ಟೇಪು ಕೊಡಿ, ಅದು ಅಸಲಿಯಾ ಅಂತ ನಾನು ನೋಡ್ತೀನಿ" ಎಂದರು. ಇವನು ನಗಲಿಲ್ಲ. "ನೋಡಿ, ನೋಡ್ಲೇಬೇಕು" ಎಂದು ಟೇಪು ಕೊಟ್ಟ. ಆ ಇಬ್ಬರೂ ಅಂದಿನಿಂದ ಸ್ನೇಹಿತರಾದರು.

ಇಂಥವನು ಒಬ್ಬನ ಮಾತನ್ನು ಮಾತ್ರ ಪರೀಕ್ಷಿಸುವುದನ್ನು ಬಿಟ್ಟಿದ್ದ. ಆ ಒಬ್ಬ ನಾನು. ಕಾರ್ಖಾನೆಯಲ್ಲಿ ಜನ ಕಡಿಮೆ ಮಾಡಿದಾಗ ಅವನು ಸ್ವಯಂ ನಿವೃತ್ತಿ ತೆಗೆದುಕೊಂಡು ಮೂರು ವರ್ಷ ಮನೆಯಲ್ಲಿ ಕೂತಿದ್ದ. ಕಂಪ್ಯೂಟರ್ ಕಲಿತ, ಪುಸ್ತಕ ತಂದು ಓದಿದ, ಆದರೆ ನಲವತ್ತೈದು ದಾಟಿದವನನ್ನು ಯಾರು ಕರೆಯುತ್ತಾರೆ? ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಟ್ಟಡ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನೀರು, ಕರೆಂಟು, ಜನರೇಟರು, ಕಸಗುಡಿಸುವವರ ಹಾಜರಿ, ಎಲ್ಲ ನನ್ನದೇ. ಮ್ಯಾನೇಜರ್ ಕೈಕಾಲು ಹಿಡಿದು ಅವನನ್ನು ಅಲ್ಲಿನ ಕಂಪ್ಯೂಟರ್ ಕೋಣೆಗೆ ಸೇರಿಸಿದೆ. ಆವತ್ತಿನಿಂದ ಅವನಿಗೆ ಭಾವ ಹೇಳಿದ ಮೇಲೆ ಮುಗಿಯಿತು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷ ಆಗಿದ್ದ ಕಾಲ. ಆಸ್ಪತ್ರೆಯವರು ಬೆಂಗಳೂರಿನಿಂದ ಹೊಸ ಯಂತ್ರ ತರಿಸಿದರು. ಮೂರು ಸರ್ವರು, ಒಂದು ದೊಡ್ಡ ಡಿಸ್ಕಿನ ಪೆಟ್ಟಿಗೆ. ಎಸ್ಸೆಸ್ಸೆಲ್ಸಿ ಓದಿದ ನನಗೆ ಅದನ್ನು ಅರ್ಥ ಮಾಡಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ.

"ಭಾವ, ಇವು ಮೂರು ಕಾಣ್ತವಲ್ಲ, ಇವುಗಳ ಒಳಗೆ ಹದಿನೆಂಟು ಕಂಪ್ಯೂಟರ್ ಇವೆ. ಚೀಟಿ ಬರೆಯೋದು ಒಂದು, ಲ್ಯಾಬಿಂದು ಒಂದು, ಔಷಧಿ ಅಂಗಡಿದು ಒಂದು..."

"ಎಲ್ಲಿ, ತೋರಿಸು?"

"ತೋರ್ಸಕ್ಕಾಗಲ್ಲ. ಅವು ಇಲ್ಲ. ಆದ್ರೆ ಕೆಲಸ ಮಾಡ್ತವೆ."

"ನೋಡಿದ್ದಾ ಮಾರಾಯ, ಕೇಳಿದ್ದಾ?" ಎಂದೆ ನಾನು. ಇಪ್ಪತ್ತು ವರ್ಷದ ಸೇಡು ಒಂದೇ ಮಾತಲ್ಲಿ ತೀರಿತು.

ಆಮೇಲೆ ಅವನು ಹೇಳಿದ್ದು ನನಗೂ ಅರ್ಥವಾಯಿತು. ಮೂರು ಸರ್ವರಿಗೂ ಮಾಹಿತಿಯ ಸ್ವಂತ ಗಂಟು ಇಲ್ಲ, ಎಲ್ಲರ ಗಂಟೂ ಆ ದೊಡ್ಡ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಎಡ, ಬಲ ಎಂದು ಎರಡು ಬಾಗಿಲು. ಪ್ರತಿ ಸರ್ವರಿನಿಂದ ಎಡ ಬಾಗಿಲಿಗೊಂದು, ಬಲ ಬಾಗಿಲಿಗೊಂದು ಕಿತ್ತಳೆ ಬಣ್ಣದ ವೈರು, ಒಟ್ಟು ಆರು. ಒಂದು ಕಡಿದರೆ ಇನ್ನೊಂದಿರಲಿ ಅಂತ. ಆರೂ ಒಂದೇ ಥರ, ಆರೂ ನೆಲದಡಿಯ ಪೈಪಿನಲ್ಲಿ ನುಸುಳಿ ಆ ಕಡೆ ಏಳುತ್ತವೆ. ಹಾಗಾಗಿ ಪೆಟ್ಟಿಗೆಯ ಕಡೆಯ ತುದಿಗಳಿಗೆ ಚೀಟಿ ಕಟ್ಟಬೇಕು. ಅವನ ಅಕ್ಷರ ಡಾಕ್ಟರಿಗೂ ಓದಲು ಬಾರದು. ಅವನು ಹೇಳಿದ, ನಾನು ಬರೆದು ಕಟ್ಟಿದೆ: ಒಂದು ಎಡ, ಒಂದು ಬಲ, ಎರಡು ಎಡ, ಎರಡು ಬಲ, ಮೂರು ಎಡ, ಮೂರು ಬಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಅವನನ್ನು ಗೇಲಿ ಮಾಡಿದ್ದೂ ಇದನ್ನು ಹೇಳುವುದನ್ನು ಮುಂದೂಡುವುದಕ್ಕೇ ಇರಬಹುದು.

ಯಂತ್ರ ಬಂದು ಎರಡು ತಿಂಗಳಾಗಿತ್ತು. ಆಯುಧಪೂಜೆ ದಿನ ಹೊರರೋಗಿಗಳ ವಿಭಾಗಕ್ಕೆ ರಜೆ. ಭಾಮೈದ ಬೆಳಿಗ್ಗೆ ಬಂದು ಎಲ್ಲ ಯಂತ್ರ ಆರಿಸಿದ. "ಮುಂದ್ಗಡೆ ಒಣಬಟ್ಟೇಲಿ ಒರೆಸಿ ಕುಂಕುಮ ಇಡಿ ಭಾವ. ಹಿಂದ್ಗಡೆ ಕೈ ಹಾಕ್ಬೇಡಿ. ಸಂಜೆ ಬಂದು ಶುರು ಮಾಡ್ತೀನಿ" ಎಂದು ತನ್ನ ಸ್ಕೂಟರಿಗೆ ಪೂಜೆ ಮಾಡಲು ಭದ್ರಾವತಿಗೆ ಹೋದ.

ನಾನು ಹಿಂದೆ ಹೋಗಿ ನೋಡಿದೆ. ಒಂದಂಗುಲ ದೂಳು. ಕಟ್ಟಡದಲ್ಲಿ ದೂಳಿದ್ದರೆ ಮಾನ ಹೋಗುವುದು ನನ್ನದು. ಆಯುಧವನ್ನು ಕೊಳಕಾಗಿಟ್ಟು ಯಾರಾದರೂ ಪೂಜೆ ಮಾಡುತ್ತಾರೆಯೇ? ಬಕೆಟ್ಟಿನಲ್ಲಿ ಬಟ್ಟೆ ಅದ್ದಿದೆ. ಪೆಟ್ಟಿಗೆಯ ಕಡೆಯ ಆರೂ ವೈರು ಕಿತ್ತು, ಹಿಂಭಾಗವನ್ನೆಲ್ಲ ಮದುವೆಮನೆಯ ಪಾತ್ರೆಯ ಹಾಗೆ ಒರೆಸಿದೆ. ತಿರುಗಿ ನೋಡಿದರೆ ಚೀಟಿಗಳು ಒದ್ದೆಯಾಗಿ ಶಾಯಿ ಹರಡಿ ಎಲ್ಲವೂ ನೀಲಿ ಮೋಡ.

ಫೋನು ಮಾಡಬಹುದಿತ್ತು. ಮಾಡಲಿಲ್ಲ. ನೆನಪಿದ್ದ ಹಾಗೆ ಸಿಕ್ಕಿಸಿದೆ, ಸಿಕ್ಕಿಸಿದ ಹಾಗೆ ಹೊಸ ಚೀಟಿ ಬರೆದು ಕಟ್ಟಿದೆ. ಅಕ್ಷರ ಮಾತ್ರ ಮುತ್ತಿನಂತಿತ್ತು. ಸಂಜೆ ಅವನು ಬಂದು ಶುರು ಮಾಡಿದ. ಆರಕ್ಕೆ ಆರೂ ಹಸಿರು ದೀಪ. ದೇವಿ ದೊಡ್ಡವಳು ಎಂದುಕೊಂಡು ಮನೆಗೆ ಹೋಗಿ ಹೋಳಿಗೆ ತಿಂದೆ.

ಹಬ್ಬ ಮುಗಿದು ಆಸ್ಪತ್ರೆ ತೆರೆದ ದಿನ ಹತ್ತು ಗಂಟೆಗೆ ಕೌಂಟರಿನ ಕಂಪ್ಯೂಟರ್ ನಿಂತಿತು. ಐದು ನಿಮಿಷ ಬಿಟ್ಟು ನಡೆಯಿತು. ಮತ್ತೆ ನಿಂತಿತು. ಚೀಟಿ ಬರೆಯುವ ಹುಡುಗಿ ಒಂದು ಕಡೆ, ಲ್ಯಾಬಿನವರು ಇನ್ನೊಂದು ಕಡೆ ಕೂಗು. ಹೊಳಲೂರಿನಿಂದ ಬಂದಿದ್ದ ಒಬ್ಬ ಅಜ್ಜಿ, "ಇದಕ್ಕೂ ಜ್ವರ ಬಂದದೆ ಕಣವ್ವ, ಮೊದ್ಲು ಇದಕ್ಕೇ ಸೂಜಿ ಹಾಕ್ಸಿ" ಎಂದು ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ಮಧ್ಯಾಹ್ನದ ಮೇಲೆ ಎಲ್ಲ ಸರಿ. ಮಾರನೆ ದಿನ ಹತ್ತಕ್ಕೆ ಮತ್ತೆ ಅದೇ.

ಬೆಂಗಳೂರಿನ ಕಂಪನಿಗೆ ಫೋನು ಮಾಡಿದರೆ, "ಆರಿಸಿ ಹಾಕಿ" ಎಂದರು.

"ಯಾಕೆ?" ಎಂದ ಭಾಮೈದ.

"ಸರಿ ಹೋಗುತ್ತೆ ಸಾರ್."

"ಏನಾಗಿದೆ ಅಂತ ಗೊತ್ತಾಗ್ದೆ ಸರಿ ಹೋದ್ರೆ, ಸರಿ ಹೋಗಿದೆ ಅಂತ ನನಗೆ ಹೆಂಗೆ ಗೊತ್ತಾಗೋದು?"

ಆ ಕಡೆಯವನು ಫೋನನ್ನು ತನ್ನ ಮೇಲಿನವನಿಗೆ ಕೊಟ್ಟ. ಅವನು ಅವನ ಮೇಲಿನವನಿಗೆ. ನಾಲ್ಕನೆಯವನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಇಟ್ಟುಬಿಟ್ಟ.

ಮೂರನೆಯ ದಿನ ಮ್ಯಾನೇಜರ್ ಅವನನ್ನು ಕರೆದು ನನ್ನ ಎದುರಿಗೇ ಹೇಳಿದರು: ಶನಿವಾರದೊಳಗೆ ಕಾರಣ ಸಿಗದಿದ್ದರೆ ಸೋಮವಾರದಿಂದ ಬೆಂಗಳೂರಿನವರೇ ನೋಡಿಕೊಳ್ಳುತ್ತಾರೆ, ನೀವು ಬರುವುದು ಬೇಡ. ಅವನು "ಶನಿವಾರ ಸಾಕು ಸಾರ್" ಎಂದ. ಆದರೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. "ಮತ್ತೆ ಮನೇಲಿ ಕೂರೋದು ನನ್ನ ಕೈಲಾಗಲ್ಲ ಭಾವ. ಆ ಮೂರು ವರ್ಷ ಬಾಗಿಲು ತಟ್ಟಿದರೆ ಎದ್ದು ತೆಗಿಯೋಕೂ ನಾಚಿಕೆ ಆಗ್ತಿತ್ತು" ಎಂದ.

ನಾನು ಅವನ ಪಕ್ಕ ಕೂತೆ. ಅವನು ತಿರುಗಿ ಕೇಳಿದ: "ಪೂಜೆ ದಿನ ಹಿಂದ್ಗಡೆ ಯಾರಾದ್ರೂ ವೈರ್ ಮುಟ್ಟಿದ್ರಾ?"

"ಇಲ್ಲ ಮಾರಾಯ. ನಾನೇ ಇದ್ದೆನಲ್ಲ," ಎಂದೆ.

ಎರಡೇ ಮಾತು. ನನಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಸಿರು ದೀಪ ಹತ್ತಿವೆ, ನನ್ನಿಂದ ಆಗಿರಲಿಕ್ಕಿಲ್ಲ ಎಂದು ಮನಸ್ಸು ಹೇಳಿತು. ಮನಸ್ಸು ಯಾವತ್ತೂ ಅನುಕೂಲದ ಕಡೆಯ ವಕೀಲನೇ.

ಅವನು ಮಾಡಿದ ಹುಡುಕಾಟವನ್ನು ನೋಡಬೇಕಿತ್ತು ನೀವು. ಒಂದು ಉದ್ದನೆಯ ಪುಸ್ತಕದಲ್ಲಿ ನಲವತ್ತು ಅನುಮಾನ ಬರೆದ. ಒಂದೊಂದನ್ನೂ ಕಣ್ಣಾರೆ ನೋಡಿ ಗೀಟು ಹಾಕಿದ. ಕರೆಂಟು ಏರಿಳಿತವೇ ಎಂದು ಜನರೇಟರ್ ಕೋಣೆಯಲ್ಲಿ ಮೀಟರ್ ಹಿಡಿದು ಕೂತ. ಬಿಸಿಯೇ ಎಂದು ಏಸಿಯ ಮುಂದೆ ಜ್ವರದ ಥರ್ಮಾಮೀಟರ್ ನೇತು ಹಾಕಿದ. ಹತ್ತು ಗಂಟೆಗೆ ಏನಾಗುತ್ತದೆ ಎಂದು ತಿಳಿಯಲು ತಾನೇ ರೋಗಿಗಳ ಸಾಲಿನಲ್ಲಿ ನಿಂತ. ಕೌಂಟರಿನ ಹುಡುಗಿ ತಲೆ ಎತ್ತಿ ನೋಡದೆ "ಏನು ತೊಂದ್ರೆ?" ಎಂದಳು. "ಅದೇ ಗೊತ್ತಾಗ್ತಿಲ್ಲಮ್ಮ" ಎಂದ. ಅವಳು ಮಾನಸಿಕ ವಿಭಾಗಕ್ಕೆ ಚೀಟಿ ಬರೆದುಕೊಟ್ಟಳು.

ಶುಕ್ರವಾರ ಅವನು ಊಟಕ್ಕೆ ಹೋದಾಗ ಆ ಪುಸ್ತಕ ತೆರೆದು ನೋಡಿದೆ. ಮೂವತ್ತೊಂಬತ್ತು ಅನುಮಾನಗಳ ಮುಂದೆ "ನೋಡಿದೆ" ಎಂದು ಬರೆದು ಗೀಟು ಎಳೆದಿದ್ದ. ಒಂದರ ಮುಂದೆ ಮಾತ್ರ, 'ವೈರು' ಎಂಬುದರ ಮುಂದೆ, "ಭಾವ ಹೇಳಿದ್ದಾರೆ" ಎಂದಿತ್ತು. ಅದಕ್ಕೂ ಗೀಟು ಎಳೆದಿದ್ದ. ಪುಸ್ತಕ ಮುಚ್ಚಿಟ್ಟು ನಾನು ನೀರಿನ ಟ್ಯಾಂಕ್ ನೋಡಲು ಹೋದೆ. ಟ್ಯಾಂಕಿಗೆ ಏನೂ ಆಗಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಲ್ಯಾಬಿನವರನ್ನು ಅರ್ಧ ಗಂಟೆ ಸುಮ್ಮನೆ ಕೂರಿಸಿದ. ಕೌಂಟರು ಓಡಿತು. ಆಮೇಲೆ ಕೌಂಟರನ್ನು ಸುಮ್ಮನಿರಿಸಿದ. ಲ್ಯಾಬು ಓಡಿತು. ಎರಡನ್ನೂ ಬಿಟ್ಟ, ಎರಡೂ ನಿಂತವು. ಪೆಟ್ಟಿಗೆಯೊಳಗಿನ ದಾಖಲೆ ತೆಗೆದು ಓದುತ್ತ ಕೂತವನು ಇದ್ದಕ್ಕಿದ್ದಂತೆ ಕುರ್ಚಿ ತಳ್ಳಿ ಎದ್ದ.

"ಭಾವ, ಕೌಂಟರಿಗೂ ಲ್ಯಾಬಿಗೂ ಗಂಟು ಒಂದೇ. ಅದನ್ನ ಒಂದು ಹೊತ್ತಿಗೆ ಒಂದೇ ಬಾಗಿಲಿಂದ ಕೊಡಕ್ಕಾಗೋದು. ಕೌಂಟರಿನ ಸರ್ವರು ಎಡ ಬಾಗಿಲಲ್ಲಿ ನಿಂತು ಕೊಡು ಅಂತದೆ, ಲ್ಯಾಬಿನ ಸರ್ವರು ಬಲ ಬಾಗಿಲಲ್ಲಿ ನಿಂತು ಕೊಡು ಅಂತದೆ. ಗಂಟು ಬೆಳಗಿಂದ ಆ ಬಾಗಿಲಿಗೂ ಈ ಬಾಗಿಲಿಗೂ ಓಡಾಡ್ತಾ ಇದೆ. ಇಬ್ಬರಿಗೂ ಸಿಗ್ತಿಲ್ಲ. ಆದ್ರೆ ಇಬ್ಬರಿಗೂ ಎರಡೂ ಬಾಗಿಲಿಗೆ ವೈರ್ ಇದೆಯಲ್ಲ? ಯಾಕೆ ಒಂದೇ ಕಡೆ ಹೋಗ್ತವೆ?"

ಅವನು ನೆಲಕ್ಕೆ ಮಂಡಿಯೂರಿ ಹಲಗೆ ಎತ್ತಿದ. ಆರು ವೈರುಗಳನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು, ಪೈಪಿನಿಂದ ಎಳೆದು, ತುದಿಯಿಂದ ತುದಿಗೆ ಹೋದ. ಒಂದನೆಯ, ಅಂದರೆ ಕೌಂಟರಿನ, ಸರ್ವರಿನ ಎರಡೂ ವೈರು ಎಡಕ್ಕೆ ಹೋಗಿದ್ದವು. ಮೂರನೆಯದರ, ಲ್ಯಾಬಿನದರ, ಎರಡೂ ಬಲಕ್ಕೆ. ಎರಡು ವೈರು ಅದಲುಬದಲು, ಅವುಗಳ ಮೇಲೆ ನನ್ನ ಮುತ್ತಿನ ಅಕ್ಷರ.

ಅವನು ಚೀಟಿಗಳನ್ನು ನೋಡಿದ. ನನ್ನನ್ನು ನೋಡಿದ. ಈಗ ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹೇಳಿಬಿಡುತ್ತಿದ್ದೆ ಅನ್ನಿಸುತ್ತದೆ.

"ಛೆ," ಎಂದ. "ಚೀಟಿ ಬರೆಸೋವಾಗ ನಾನೇ ನಿಮಗೆ ತಪ್ಪು ಹೇಳಿದೀನಿ ಭಾವ."

ಮೊದಲ ಎರಡು ತಿಂಗಳು ಯಾಕೆ ಸರಿಯಾಗಿತ್ತು ಎಂದು ಅವನು ಕೇಳಬೇಕಿತ್ತು. ಕೇಳಿಕೊಂಡ. ಆಗ ರೋಗಿಗಳು ಕಡಿಮೆ ಇದ್ದರು, ಗೊತ್ತಾಗಿರಲಿಕ್ಕಿಲ್ಲ ಎಂದು ತಾನೇ ಉತ್ತರ ಹೇಳಿಕೊಂಡ. ಭಾವ ಮುಟ್ಟಿಲ್ಲ ಎಂದ ಮೇಲೆ ಉಳಿದವನು ಅವನೊಬ್ಬನೇ ಅಲ್ಲವೇ?

ಎರಡು ವೈರು ಬದಲಿಸಿದ. ಸೋಮವಾರ ಹತ್ತು ಗಂಟೆ ದಾಟಿತು, ಏನೂ ನಿಲ್ಲಲಿಲ್ಲ. ಮ್ಯಾನೇಜರಿಗೆ ಅವನು "ನನ್ನ ತಪ್ಪು ಸಾರ್" ಎಂದು ಬರೆದುಕೊಟ್ಟ. ಕೆಲಸ ಉಳಿಯಿತು, ಎಚ್ಚರಿಕೆಯ ಮೆಮೋ ಒಂದು ಅವನ ಹೆಸರಿಗೆ ಸೇರಿತು. ಮೆಮೋ ಟಪಾಲನ್ನು ಅವನ ಕೈಗೆ ಕೊಟ್ಟವನೂ ನಾನೇ.

ಆಮೇಲೆ ಅವನ ಅಪನಂಬಿಕೆ ದಿಕ್ಕು ಬದಲಿಸಿತು. ಲೋಕವನ್ನು ಪರೀಕ್ಷಿಸುವುದನ್ನು ಬಿಟ್ಟು ತನ್ನನ್ನೇ ಪರೀಕ್ಷಿಸಿಕೊಳ್ಳತೊಡಗಿದ. ಕೋಣೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ಹೋದವನು ವಾಪಸು ಬಂದು ಎಳೆದು ನೋಡುತ್ತಿದ್ದ. ಒಮ್ಮೆ ಭದ್ರಾವತಿಯ ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿದು ಬಂದ. ಅಂಗಡಿಯಲ್ಲಿ ತಾನು ಹೇಳಿದ ಅಳತೆಯನ್ನೇ, "ನಾನು ಎಷ್ಟು ಅಂದೆ ಈಗ?" ಎಂದು ಕೇಳುತ್ತಿದ್ದ. ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ ಕೂತು ನಾವೆಲ್ಲ ನಗುತ್ತಿದ್ದೆವು. ನನ್ನ ಹೆಂಡತಿ, "ವಯಸ್ಸಾಯ್ತು ಕಣೋ ನಿನಗೆ" ಎನ್ನುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು.

ಈಗ ಸಕ್ಕರೆ ಕಾಯಿಲೆ ಅವನ ಕಣ್ಣಿಗಿಳಿದಿದೆ. ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಭಾನುವಾರ ನಾನು ಭದ್ರಾವತಿಗೆ ಹೋಗಿ ಪೇಪರ್ ಓದಿ ಹೇಳುತ್ತೇನೆ. ಕಳೆದ ಭಾನುವಾರ ಪೇಪರಿನ ಬದಲು ಇಲ್ಲಿಯತನಕ ಬರೆದ ಇದನ್ನು ಓದಿದೆ. ಏನೇ ಆಗಲಿ, ಒಂದು ಸಾಲೂ ಬಿಡಬಾರದು ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ತಾಳಿ ಕಟ್ಟುವಲ್ಲಿ ಅವನು ನಕ್ಕ. ಬಕೆಟ್ಟಿಗೆ ಬಟ್ಟೆ ಅದ್ದುವಲ್ಲಿ ನಗು ನಿಂತಿತು. ಮೆಟ್ಟಿಲ ಮೇಲಿನ ನನ್ನ ಎರಡು ಮಾತನ್ನೂ ಬಿಡದೆ ಓದಿದೆ.

ಓದಿ ಮುಗಿಸಿ ಕಾದೆ. ಅಡುಗೆಮನೆಯಲ್ಲಿ ಅವನ ಹೆಂಡತಿಯೂ ಸದ್ದು ನಿಲ್ಲಿಸಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿ ಬೆರಳು ಮಡಚುತ್ತಿದ್ದ. ಒಂದು ಎಡ, ಒಂದು ಬಲ, ಎರಡು ಎಡ, ಎರಡು ಬಲ. ಆರು ಬೆರಳಾದ ಮೇಲೆ ನನ್ನ ಕಡೆ ತಿರುಗಿದ.

"ಹಂಗಾದ್ರೆ ನಾನು ಸರಿಯಾಗೇ ಹೇಳಿದ್ದೆ," ಎಂದ.

"ಸರಿಯಾಗೇ ಹೇಳಿದ್ದೆ ಮಾರಾಯ."

ಅವನ ಮುಖ ಒಮ್ಮೆಗೇ ಹಗುರಾಯಿತು. ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಹಿಡಿದುಕೊಂಡು, ಒಳಗಿದ್ದವಳಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದ:

"ನಾನು ಹೇಳಿ ನೀವು ಚೀಟಿ ಬರೆದ ಆ ಸಾಲು ಇನ್ನೊಂದ್ಸಲ ಓದಿ ಭಾವ."