ಗಿಳಿ ಅಂಗಿಯ ಸಮುದ್ರಯಾತ್ರೆ

ತಪ್ಪೆಲ್ಲ ಆ ಬಟ್ಟೆಯದೇ. ಹಳದಿ ಬಣ್ಣದ ಮೇಲೆ ಅಂಗೈಯಗಲದ ನೀಲಿ ಗಿಳಿಗಳು, ಒಂದೊಂದರ ಕೊಕ್ಕಿನಲ್ಲೂ ಒಂದೊಂದು ಕೆಂಪು ಹಣ್ಣು. ಇಪ್ಪತ್ತೆರಡು ವರ್ಷದಿಂದ ಬಿಳಿ, ಕಂದು, ಬೂದಿ ಬಣ್ಣಗಳನ್ನೇ ಕತ್ತರಿಸಿ ಕತ್ತರಿಸಿ ಬೇಸತ್ತಿದ್ದ ಟೈಲರನಿಗೆ ಅದನ್ನು ಕಂಡ ದಿನವೇ ಮನಸ್ಸು ಜಾರಿತು. ಬಟ್ಟೆ ಹೈಸ್ಕೂಲಿನ ಹೆಡ್‌ಮಾಸ್ಟರರದು. ಅವರ ಹೆಂಡತಿಯ ತಮ್ಮ ದೂರದ ದೇಶದಿಂದ ತಂದುಕೊಟ್ಟದ್ದು. ಎದೆ ನಲವತ್ತು, ಅರ್ಧ ತೋಳು. ಟೈಲರನ ಎದೆಯೂ ನಲವತ್ತೇ ಆಗಿದ್ದರೆ ಅದಕ್ಕೆ ಅವನೇನು ಮಾಡಿಯಾನು?

ಅಂಗಿ ಹೊಲಿದು ಮುಗಿದು ಮೂರು ತಿಂಗಳಾಗಿತ್ತು. ಹೆಡ್‌ಮಾಸ್ಟರರು ಅಂಗಡಿಯ ಮುಂದೆ ಹಾದಾಗಲೆಲ್ಲ ಟೈಲರ್ ತಾನೇ ಮುಂದಾಗಿ, "ಗುಂಡಿ ಒಂದು ಬಾಕಿ ಸಾರ್" ಅನ್ನುತ್ತಿದ್ದ. ಅವರು ತಲೆಯಾಡಿಸಿ ಹೋಗುತ್ತಿದ್ದರು. ಗುಂಡಿ ಬಾಕಿಯಿದ್ದ ಆ ಅಂಗಿ ಅಷ್ಟರಲ್ಲಿ ಟೈಲರನ ಮೈಮೇಲೆ ಪರವೂರಿನ ಎರಡು ಮದುವೆಗಳನ್ನು ನೋಡಿಕೊಂಡು ಬಂದಿತ್ತು.

ಈಗ ಸಮುದ್ರ ನೋಡುವ ಸರದಿ. ಒಂದೇ ದಿನದಲ್ಲಿ ಸಮುದ್ರತೀರ, ದೋಣಿ, ದೀಪಸ್ತಂಭ ಎಲ್ಲ ತೋರಿಸಿಕೊಂಡು ಬರುವ ಪ್ರವಾಸದ ಬಸ್ಸಿಗೆ ಹೆಂಡತಿ ಎರಡು ಟಿಕೆಟ್ ತಂದಿದ್ದಳು. ಬೆಳಿಗ್ಗೆ ಆರಕ್ಕೆ ಟೈಲರ್ ಗಿಳಿಗಳನ್ನು ಧರಿಸಿ ಕಿಟಕಿಯ ಪಕ್ಕ ರಾಜನ ಹಾಗೆ ಕೂತ. ಬಸ್ಸು ಪೋಸ್ಟಾಫೀಸಿನ ಮುಂದೆ ನಿಂತಿತು. ಹತ್ತಿದವರು ಹೆಡ್‌ಮಾಸ್ಟರರು, ಅವರ ಹಿಂದೆ ಅವರ ಹೆಂಡತಿ.

ಟೈಲರ್ ಸೀಟಿನಲ್ಲಿ ಕುಗ್ಗಿ ಕೂತ. ಬರೀ ಅಂಗಿಯ ಮಾತಾಗಿದ್ದರೆ ಹೇಗೋ ಕೈಕಾಲು ಹಿಡಿದು ಸುಧಾರಿಸಬಹುದಿತ್ತು. ಮುನ್ನೂರ ನಲವತ್ತು ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಯಾರಿಗೆ ಅನ್ನುವುದು ಸೋಮವಾರ ತೀರ್ಮಾನವಾಗುವುದಿತ್ತು, ತೀರ್ಮಾನಿಸುವವರು ಇವರೇ. ಪೈಪೋಟಿಗೆ ಎದುರಂಗಡಿಯಲ್ಲಿ ಹೋದ ವರ್ಷ ಬಂದು ಕೂತ ಹೊಸ ಟೈಲರ್ ಬೇರೆ. ಗಿರಾಕಿಯ ಅಂಗಿ ತೊಟ್ಟು ಮೆರೆಯುವವನ ಕೈಗೆ ಯಾವ ಹೆಡ್‌ಮಾಸ್ಟರು ಸಮವಸ್ತ್ರ ಕೊಟ್ಟಾರು?

ಹೆಂಡತಿಯ ತೊಡೆಯ ಮೇಲಿದ್ದ ಉಣ್ಣೆ ಶಾಲನ್ನು ಸರಕ್ಕನೆ ಎಳೆದುಕೊಂಡು ಅವನು ಗಂಟಲವರೆಗೆ ಹೊದ್ದ.

"ರೀ, ಏನಾಯ್ತು ನಿಮ್ಗೆ?"

"ಚಳಿ. ಸುಮ್ನೆ ಕೂತ್ಕೋ."

ಹೆಡ್‌ಮಾಸ್ಟರ ದಂಪತಿಗಳು ಸರಿಯಾಗಿ ಎದುರು ಸಾಲಿನಲ್ಲೇ ಕೂತರು. ಅವರ ಹೆಂಡತಿ ಕೂರುವುದಕ್ಕೂ ಮುಂಚೆ ಕೇಳಿದರು. "ಏನ್ ಟೈಲರೇ, ನಮ್ಮವರ ಗಿಳಿ ಅಂಗಿ ಎಲ್ಲಿಗೆ ಬಂತು? ಇವತ್ತು ಅದನ್ನೇ ಹಾಕಿಸ್ಬೇಕು ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ."

"ಆಯ್ತಮ್ಮಾ, ಗುಂಡಿ ಒಂದು ಬಾಕಿ."

"ಅವಸರ ಏನಿಲ್ಲ, ನಿಧಾನವಾಗಿ ಮಾಡಿ" ಎಂದರು ಹೆಡ್‌ಮಾಸ್ಟರು. ಎಂಥ ದೊಡ್ಡ ಮನಸ್ಸು ಎಂದು ಟೈಲರನ ಕಣ್ಣು ತುಂಬಿ ಬಂತು. ಅದರಲ್ಲಿ ಅರ್ಧ ಬೆವರೂ ಇದ್ದಿರಬಹುದು.

ಎಂಟು ಗಂಟೆಗೆಲ್ಲ ಬಿಸಿಲು ಏರಿ ಬಸ್ಸು ಒಲೆಯಾಯಿತು. ಎಲ್ಲರೂ ಕಾಗದ, ಕರವಸ್ತ್ರ ಬೀಸಿಕೊಳ್ಳುತ್ತಿರುವಾಗ ಶಾಲು ಹೊದ್ದು ಕೂತವನೊಬ್ಬ ಹಿಂದಿನ ಸೀಟಿನ ರಿಟೈರ್ಡ್ ಕಾಂಪೌಂಡರರ ಕಣ್ಣಿಗೆ ಬಿದ್ದ. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಅವರ ಚೀಲದಲ್ಲಿ ಥರ್ಮಾಮೀಟರು ತಪ್ಪಿದ್ದಲ್ಲ. ಕೇಳದೆಯೇ ಅದನ್ನು ಟೈಲರನ ನಾಲಿಗೆಯಡಿ ಸಿಕ್ಕಿಸಿದರು.

"ಜ್ವರ ತೋರಿಸ್ತಾ ಇಲ್ಲ" ಎಂದು ಗಾಜು ನೋಡಿ ಮುಖ ಗಂಟು ಹಾಕಿದರು. "ಇದೇ ಕೆಟ್ಟದ್ದು. ಒಳಜ್ವರ."

ಒಳಜ್ವರ ಅನ್ನುವ ಮಾತು ಒಂದು ನಿಮಿಷದಲ್ಲಿ ಬಸ್ಸಿನ ತುದಿ ಮುಟ್ಟಿತು. ಆಮೇಲೆ ಮೂಗು ತೂರಿಸದವನೇ ಪಾಪಿ. ಒಬ್ಬರು ಕಿಟಕಿ ಮುಚ್ಚಿದರು. ಇನ್ನೊಬ್ಬರು ಡ್ರೈವರನ ಕಂಬಳಿ ತಂದು ಶಾಲಿನ ಮೇಲೆ ಹೊದೆಸಿದರು. ಅದಕ್ಕೆ ಡೀಸೆಲ್ ವಾಸನೆ. ಹೆಡ್‌ಮಾಸ್ಟರ ಹೆಂಡತಿ ತಮ್ಮ ಕೊರಳ ಬಟ್ಟೆ ಬಿಚ್ಚಿ ಅವನ ಕಿವಿಗೆ ಸುತ್ತಿದರು. ಅಷ್ಟು ಹೊತ್ತಿಗೆ ಟೈಲರನಿಗೆ ನಿಜವಾಗಿಯೂ ತಲೆ ಸುತ್ತತೊಡಗಿತ್ತು.

ಸಮುದ್ರತೀರದಲ್ಲಿ ಎಲ್ಲರೂ ಮೊಣಕಾಲು ನೀರಿನಲ್ಲಿ ಕೇಕೆ ಹಾಕುತ್ತಿದ್ದರು. ಟೈಲರ್ ಮರಳಿನ ಮೇಲೆ ಮೂಟೆಯ ಹಾಗೆ ಕೂತಿದ್ದ. ಜೀವಮಾನದಲ್ಲಿ ಮೊದಲ ಸಲ ಕಂಡ ಸಮುದ್ರ, ಅದನ್ನೂ ಕಂಬಳಿಯ ಸಂದಿಯಿಂದ ನೋಡಬೇಕಾಗಿ ಬಂದದ್ದಕ್ಕೆ ಅವನಿಗೆ ಅಳು ಬರುವಷ್ಟು ಸಂಕಟವಾಯಿತು. ಮಧ್ಯಾಹ್ನ ಹೋಟೆಲಿನಲ್ಲಿ ಎಲ್ಲರೂ ಮೂರು ಸಲ ಬಡಿಸಿಕೊಂಡು ಉಂಡರು. ಕಾಂಪೌಂಡರ ಅಪ್ಪಣೆಯ ಮೇರೆಗೆ ಅವನಿಗೆ ಎರಡು ತುಂಡು ಬ್ರೆಡ್ಡು, ಒಂದು ಲೋಟ ಬಿಸಿನೀರು.

ದೋಣಿಯವನು ಇನ್ನೂ ಹಟಮಾರಿ. "ಶಾಲು ತೆಗೀರಿ, ಮೊದಲು ಈ ಜಾಕೀಟು ಹಾಕ್ಕೊಳಿ. ಇಲ್ಲಾಂದ್ರೆ ದೋಣಿ ಹೊರಡಲ್ಲ."

"ಶಾಲಿನ ಮೇಲೇ ಹಾಕ್ಕೋತೀನಿ."

"ಮುಳುಗಿದ್ರೆ?"

"ಮುಳುಗ್ತೀನಿ ಬಿಡಿ" ಎಂದ ಟೈಲರ್, ಮನಸಾರೆ.

ಹೆಂಡತಿಯ ಕಣ್ಣು ಕೆಂಪಾಯಿತು. ಅವಳಿಗೆ ಎಲ್ಲ ಗೊತ್ತಾಗಿತ್ತು. ಹೇಳುವ ಹಾಗಿಲ್ಲದೆ ಒಳಗೇ ಕುದಿಯುತ್ತಿದ್ದಳು. ಕಂಬಳಿ ಕಿತ್ತು, ಶಾಲನ್ನು ಕುತ್ತಿಗೆಯಿಂದ ಹೊಟ್ಟೆಯವರೆಗೆ ಸುತ್ತಿ, ಮೇಲೆ ಜಾಕೀಟು ತುರುಕಿ, ಪಟ್ಟಿ ಎಳೆದು ಕಟ್ಟಿದಳು. ಎಳೆತದಲ್ಲಿ ಅವಳ ಸಿಟ್ಟೆಲ್ಲ ಇತ್ತು. ದೋಣಿ ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಟೈಲರ್ ಮೂರು ಸಲ ವಾಂತಿ ಮಾಡಿದ. ಕಾಂಪೌಂಡರು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. "ನಾನು ಹೇಳ್ಲಿಲ್ವಾ?"

ಕೊನೆಗೆ ದೀಪಸ್ತಂಭ. ನೂರೆಂಬತ್ತು ಮೆಟ್ಟಿಲು. ಕೆಳಗೇ ಕೂತಿರುತ್ತೇನೆ ಎಂದರೂ ಕೇಳದೆ ಹೆಡ್‌ಮಾಸ್ಟರರು ಅವನ ಕೈಹಿಡಿದುಕೊಂಡರು. "ಬನ್ನಿ ಟೈಲರೇ, ಮೇಲೆ ಒಳ್ಳೇ ಗಾಳಿ ಇದೆ. ನಿಮ್ಮನ್ನ ಹೀಗೆ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ."

ಗಾಳಿ ಅವರು ಹೇಳಿದ್ದಕ್ಕಿಂತ ಒಳ್ಳೆಯದೇ ಇತ್ತು. ಮೇಲಿನ ಬಾಗಿಲಿನಿಂದ ಹೊರಗೆ ಕಾಲಿಡುತ್ತಲೇ ಶಾಲನ್ನು ಒಂದೇ ಎಳೆತಕ್ಕೆ ಕಿತ್ತುಕೊಂಡು ಸಮುದ್ರದ ಕಡೆಗೆ ಹೊತ್ತೊಯ್ಯಿತು. ಸಂಜೆಯ ಬಿಸಿಲಿನಲ್ಲಿ, ಬಸ್ಸಿನ ಅಷ್ಟೂ ಜನರ ಮುಂದೆ, ಟೈಲರನ ಎದೆಯ ಮೇಲೆ ಗಿಳಿಗಳೆಲ್ಲ ಫಳಫಳನೆ ಹೊಳೆದವು.

ಹೆಡ್‌ಮಾಸ್ಟರರ ಮುಖ ಬಿಳಿಚಿಕೊಂಡಿತು. ಟೈಲರ್ ಕಣ್ಣು ಮುಚ್ಚಿಕೊಂಡು, ಮನಸ್ಸಿನಲ್ಲೇ ಮುನ್ನೂರ ನಲವತ್ತು ಸಮವಸ್ತ್ರಗಳನ್ನು ಒಂದೊಂದಾಗಿ ಸಮುದ್ರಕ್ಕೆ ಎಸೆದ.

"ಅಬ್ಬಾ, ರೆಡಿ ಆಗಿದೆ" ಅಂತ ಹೆಡ್‌ಮಾಸ್ಟರ ಹೆಂಡತಿಯ ದನಿ ಕೇಳಿತು. "ನೋಡಿ ಇವರನ್ನ. ನಮಗೆ ಗೊತ್ತಾಗದ ಹಾಗೆ ತಂದು ಕೊಡೋಣ ಅಂತ ಜ್ವರದಲ್ಲೂ ಮೈಮೇಲೆ ಹಾಕ್ಕೊಂಡೇ ಬಂದಿದ್ದಾರೆ, ಮಡಿಚಿದ್ರೆ ಸುಕ್ಕಾಗುತ್ತೆ ಅಂತ. ಎಂಥ ಕೆಲಸಗಾರರು. ಬಿಚ್ಚಿ ಕೊಡಿ ಟೈಲರೇ, ಇಲ್ಲೇ ಹಾಕಿ ನೋಡೋಣ."

ಹೋದ ಜೀವ ಬಂದ ಹಾಗಾಯಿತು. ಟೈಲರ್ ಅಂಗಿ ಬಿಚ್ಚಿ ಎರಡೂ ಕೈಯಿಂದ ಒಪ್ಪಿಸಿ, ಬನಿಯನ್ನಿನಲ್ಲಿ ನಿಂತ. ಹೆಡ್‌ಮಾಸ್ಟರರು ತಮ್ಮ ಬಿಳಿ ಅಂಗಿಯ ಮೇಲೆಯೇ ಅದನ್ನು ತೊಟ್ಟರು. "ಕುತ್ತಿಗೆ ಹತ್ರ ಬಿಗಿ ಅನ್ಸುತ್ತೆ" ಎಂದರು. ಬಿಗಿ ಏನೂ ಇರಲಿಲ್ಲ. ಆ ಅಂಗಿ ಅವರ ಮೈಗೆ ಅಳೆದಿಟ್ಟಂತೆ ಕೂತಿತ್ತು. ಜನ ಚಪ್ಪಾಳೆ ತಟ್ಟಿದರು.

"ಸೋಮವಾರ ಸ್ಕೂಲಿನ ಗ್ರೂಪ್ ಫೋಟೋಕ್ಕೆ ಇದೇ" ಎಂದರು ಅವರ ಹೆಂಡತಿ. "ನನ್ನ ತಮ್ಮ ಇಂಥವೇ ಇನ್ನೂ ಎರಡು ಪೀಸ್ ಕಳಿಸ್ತಾ ಇದ್ದಾನೆ."

ಹೆಡ್‌ಮಾಸ್ಟರರು ಟೈಲರನ ರಟ್ಟೆ ಹಿಡಿದು, ಸಮುದ್ರ ತೋರಿಸುವ ನೆಪದಲ್ಲಿ ದೀಪಸ್ತಂಭದ ಆಚೆ ಬದಿಗೆ ಕರೆದೊಯ್ದರು.

"ಯಾಕ್ರೀ ಹೊಲಿದ್ರಿ ಇದನ್ನ?"

"ಸಾರ್?"

"ಭಾವಮೈದ ತಂದದ್ದು, ಬೇಡ ಅನ್ನೋ ಹಾಗಿಲ್ಲ. ಹಾಕ್ಕೊಂಡ್ರೆ ಮಕ್ಕಳ ಮುಂದೆ ನಿಲ್ಲೋ ಹಾಗಿಲ್ಲ. ಊರೆಲ್ಲ ಗುಟ್ಟಾಗಿ ವಿಚಾರಿಸಿದೆ, ಬಟ್ಟೆ ಕೊಟ್ರೆ ವಾಪಸ್ ಬರದ ಅಂಗಡಿ ಯಾವುದು ಅಂತ. ಎಲ್ಲರೂ ನಿಮ್ಮನ್ನೇ ಹೇಳಿದ್ರು. ನಾಲ್ಕು ತಿಂಗಳು ನಿಶ್ಚಿಂತೆಯಾಗಿದ್ದೆ. ನಿಮ್ಮನ್ನ ಎಷ್ಟು ನಂಬಿದ್ದೆ ಗೊತ್ತಾ?"

ಟೈಲರ್ ಇಂಗು ತಿಂದ ಮಂಗನ ಹಾಗೆ ನಿಂತ.

ಹೆಡ್‌ಮಾಸ್ಟರರು ಹಿಂದೆ ಯಾರೂ ಬರುತ್ತಿಲ್ಲವೆಂದು ಒಮ್ಮೆ ತಿರುಗಿ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಹೋಗಲಿ, ಒಂದು ಮಾತು ನಿಜ ಹೇಳಿ. ನಿಮ್ಮ ಎದುರಂಗಡಿಗೆ ಬಂದಿದ್ದಾರಲ್ಲ ಹೊಸಬರು, ಅವರು ಹೇಗೆ? ತಡ ಮಾಡ್ತಾರಾ?"

ಟೈಲರನ ತಲೆ ಚಕಚಕ ಓಡಿತು. ಇವರಿಗೆ ಬೇಕಾಗಿರುವುದು ತಡ ಮಾಡುವವನು. ಬರುವ ಎರಡು ಪೀಸಿಗೆ ಎದುರಂಗಡಿ ಹುಡುಕುತ್ತಿದ್ದಾರೆ. ಬಟ್ಟೆಯ ಹಿಂದೆಯೇ ಸಮವಸ್ತ್ರವೂ ಅಲ್ಲಿಗೇ ಹೋದೀತು. ಬಿಡಬಾರದು. ಒಂದು ವರ್ಷದಿಂದ ಮುಖ ಕೊಟ್ಟು ಮಾತಾಡದ ಎದುರಂಗಡಿಯವನನ್ನು ಟೈಲರ್ ಬಾಯ್ತುಂಬ ಹೊಗಳಿದ.

"ತಡಾನಾ? ಅವನಿಗೆ ಆ ಪದವೇ ಗೊತ್ತಿಲ್ಲ ಸಾರ್. ಹೇಳಿದ ದಿನ, ಹೇಳಿದ ಗಂಟೆ. ಮೊನ್ನೆ ಕರೆಂಟ್ ಹೋದಾಗ ಮೇಣದಬತ್ತಿ ಹಚ್ಕೊಂಡು ಹೊಲಿದು ಕೊಟ್ಟ. ಒಂದು ಕಂಪ್ಲೇಂಟಿಲ್ಲ. ಅವನ ಕೈಗೆ ಬಟ್ಟೆ ಹೋಯ್ತು ಅಂದ್ರೆ ಮುಗೀತು, ಅಂಗಿ ಆಗಿ ಬಂದೇ ಬರುತ್ತೆ."

"ನಿಜಾನಾ?"

"ಆಣೆ ಮಾಡಿ ಹೇಳ್ತೀನಿ ಸಾರ್."

ಹೆಡ್‌ಮಾಸ್ಟರರ ಮುಖ ಆ ದಿನ ಮೊದಲ ಸಲ ಅರಳಿತು. ಜೇಬಿನಿಂದ ಪುಟ್ಟ ನೋಟ್‌ಬುಕ್ಕು ತೆಗೆದು, ಎರಡು ಗಿಳಿಗಳ ನಡುವೆ ಎದೆಗೊತ್ತಿಕೊಂಡು ಏನೋ ಬರೆದುಕೊಂಡರು.

"ಸದ್ಯ, ನನ್ನ ತಲೆಭಾರ ಇಳಿಸಿದ್ರಿ. ಮುನ್ನೂರ ನಲವತ್ತು ಮಕ್ಕಳ ಸಮವಸ್ತ್ರ, ಬೇಸಿಗೆ ರಜೆ ಮುಗಿದು ಸ್ಕೂಲು ಶುರುವಾಗೋ ದಿನಕ್ಕೆ ಬೇಕೇ ಬೇಕು. ಹೊಸಬರು, ನಂಬೋದು ಹೇಗೆ ಅಂತ ಯೋಚನೆ ಮಾಡ್ತಾ ಇದ್ದೆ. ನಿಮ್ಮಂಥ ಅನುಭವಸ್ಥರೇ ಹೇಳಿದ ಮೇಲೆ ಇನ್ನೇನು? ಸೋಮವಾರ ಅವರಿಗೇ ಕೊಟ್ಟುಬಿಡ್ತೀನಿ."

"ನನಗೆ ಸಾರ್?" ಎಂದ ಟೈಲರ್, ಹೊರಟಿತೋ ಇಲ್ಲವೋ ಅನ್ನುವಂಥ ದನಿಯಲ್ಲಿ.

"ನಿಮಗೆ ಆ ಎರಡು ಪೀಸ್" ಎಂದು ಹೆಡ್‌ಮಾಸ್ಟರರು ಅವನ ಬರಿಯ ಹೆಗಲನ್ನು ಪ್ರೀತಿಯಿಂದ ತಟ್ಟಿದರು. "ಈ ಸಲ ಮಾತ್ರ ದಯವಿಟ್ಟು ಕತ್ತರಿ ಕೈಗೆ ತಗೋಬೇಡಿ."